ಆರಾಮಾಗಿ ಕೂತ್ಕೊಳ್ಳಿ ಅಂತ ಹೇಳಿ ಹೇಳಿನೇ ಹಿರಿಯರನ್ನ ಮೂಲೆಗೆ ಕೂರಿಸ್ತಿದೀವಾ?

ಜಯನಗರ_ಸೊಸೆ
ಎಲ್ರಿಗೂ ನಮಸ್ಕಾರ. ಒಂದು ವಿಷ್ಯ ತಲೇಲಿ ಓಡ್ತಾನೇ ಇದೆ, ಇಲ್ಲಿ ಅನುಭವ ಇರೋರು ತುಂಬಾ ಜನ ಇದೀರಲ್ಲ ಅಂತ ಕೇಳ್ತಿದೀನಿ. ನಮ್ಮತ್ತೆಗೆ 74. ಮಾವ ಹೋದ್ಮೇಲೆ ಊರಿನ ಮನೆ ಬಾಡಿಗೆಗೆ ಕೊಟ್ಟು ನಮ್ಮ ಫ್ಲಾಟ್‌ಗೆ ಬಂದಿದಾರೆ. ನಮ್ಮ ಯಜಮಾನ್ರಿಗೆ ಅಮ್ಮ ಅಂದ್ರೆ ಪ್ರಾಣ, ಅದ್ರಲ್ಲಿ ಎರಡು ಮಾತಿಲ್ಲ. ಅಡುಗೆಯವ್ರಿದಾರೆ, ಬಟ್ಟೆಗೆ ಮಷಿನ್ ಇದೆ, ಫ್ಯಾಮಿಲಿ ಪೆನ್ಷನ್ ಬರೋ ಅಕೌಂಟಿನ ಎಟಿಎಂ ಕಾರ್ಡು ಇವ್ರ ಪರ್ಸಲ್ಲಿರುತ್ತೆ, ಬಾಡಿಗೆ ಇವ್ರ ಅಕೌಂಟಿಗೆ ಬರುತ್ತೆ, ಮಾತ್ರೆ ಕೂಡ ಇವ್ರೇ ಡಬ್ಬೀಗೆ ತುಂಬಿಡ್ತಾರೆ. ಅತ್ತೆ ಏನಕ್ಕೆ ಕೈ ಹಾಕಿದ್ರೂ "ನಿಂಗ್ಯಾಕಮ್ಮ ಅದೆಲ್ಲ, ಆರಾಮಾಗಿ ಕೂತ್ಕೋ". ಅತ್ತೆ ಕೂತಿದಾರೆ. ಶುಗರ್ರು ಬಿಪಿ ಎಲ್ಲಾ ಕಂಟ್ರೋಲಲ್ಲಿದೆ, ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂತಾರೆ. ಆದ್ರೆ ಇವತ್ತು ಸಾರು ಏನ್ಮಾಡ್ಸೋಣ ಅತ್ತೆ ಅಂದ್ರೆ "ನಿಮಗೆ ಹೇಗೆ ಅನುಕೂಲವೋ ಹಾಗೆ" ಅಂತಾರೆ, ಟಿವಿ ಚಾನೆಲ್ ಚೇಂಜ್ ಮಾಡ್ಲಾ ಅಂದ್ರೂ ಅದೇ ಉತ್ರ. ಊರಲ್ಲಿದ್ದಾಗ ಇದೇ ಹೆಂಗಸು ಸೊಪ್ಪಿನವಳ ಹತ್ರ ಒಂದು ಕಟ್ಟು ಕರಿಬೇವು ಎಕ್ಸ್ಟ್ರಾ ಹಾಕಿಸ್ಕೊಳ್ದೆ ಬಿಡ್ತಿರಲಿಲ್ಲ. ವಯಸ್ಸಾಯ್ತು ಅದಕ್ಕೆ ಹಾಗೆ ಅಂತ ಎಲ್ಲಾ ಹೇಳ್ತಾರೆ, ನಂಗೆ ಯಾಕೋ ವಯಸ್ಸಿಂದ ಅಲ್ಲ ಅನ್ಸುತ್ತೆ. ನಿಮ್ಮನೇಲಿ ಹೇಗೆ?

ಟೆಕ್ಕಿ_ತಿಪಟೂರು
ನಮ್ಮನೇಲೂ ಸೇಮ್ ಮೇಡಂ. ಫಾಲೋ ಮಾಡ್ತೀನಿ.

ಕರಾವಳಿ_ನರ್ಸ್
ನಾನು ಮಂಗಳೂರು ಸೈಡಲ್ಲಿ ಒಂದು ವೃದ್ಧಾಶ್ರಮದಲ್ಲಿ ಕೆಲ್ಸ ಮಾಡುವುದು ಮಾರಾಯ್ರೆ, ಆಶ್ರಮದ ಹೆಸ್ರು ಬೇಡ. ನೀವು ಹೇಳಿದ್ದನ್ನು ನಾವು ದಿನಾ ನೋಡ್ತೇವೆ. ಸೀರೆಯ ಕತೆ ಹೇಳ್ತೇನೆ ಕೇಳಿ. ಹೊಸತಾಗಿ ಸೇರುವ ಅಮ್ಮಂದಿರು ಹೆಚ್ಚಿನವರು ಸೀರೆ ಉಡುವವರು. ಬೆಳಿಗ್ಗೆ ಒಬ್ರಿಗೆ ಸೀರೆ ಉಡ್ಲಿಕ್ಕೆ ಅರ್ಧ ಗಂಟೆ ಬೇಕು. ನೆರಿಗೆ ಹಿಡೀತಾರೆ, ಕೈ ನಡುಗಿ ಜಾರಿ ಹೋಗ್ತದೆ, ಪುನಃ ಹಿಡೀತಾರೆ, ಮಂಚದ ಅಂಚಿಗೆ ಕೂತು ದಮ್ಮು ತಗೊಳ್ತಾರೆ, ಪಿನ್ನು ಬಾಯಲ್ಲಿ ಕಚ್ಚಿಕೊಂಡು ಸೆರಗು ಸರಿ ಮಾಡ್ತಾರೆ. ನಮ್ಗೆ ಅಷ್ಟ್ರೊಳಗೆ ಇಡೀ ಮಹಡಿಯವರ ಸ್ನಾನ ಮುಗಿಸ್ಬೇಕು. ಹಾಗೆ ಎಂತ ಮಾಡುವುದು, ಮನೆಯವರಿಗೆ ಫೋನ್ ಮಾಡಿ ನಾಲ್ಕು ನೈಟಿ ತಂದು ಕೊಡಿ ಅಂತ ಹೇಳುವುದು. ನೈಟಿಯಾದ್ರೆ ಎರಡು ನಿಮಿಷ. ಆಮೇಲೆ ಆ ಅಮ್ಮ ವರಾಂಡಕ್ಕೆ ಬರುವುದಿಲ್ಲ, ಗಂಡಸರು ಯಾರಾದ್ರೂ ಬಂದ್ರೆ ರೂಮಿನೊಳಗೆ ಹೋಗಿ ಬಾಗಿಲು ಹಾಕ್ತಾರೆ, ಸಂಜೆ ಭಜನೆಗೂ ಇಲ್ಲ. ನಾವು ಫೈಲಲ್ಲಿ ಬರೀತೇವೆ, ಯಾರ ಜೊತೆಯೂ ಬೆರೆಯುವುದಿಲ್ಲ ಅಂತ. ನೈಟಿ ಹಾಕಿ ಕೂರಿಸಿದ್ದು ನಾವೇ ಅಂತ ಯಾರೂ ಬರೆಯುವುದಿಲ್ಲ!!

ಇನ್ನೊಂದು ಉಂಟು. ಜರ್ಮನಿಯಲ್ಲಿ ಮಾರ್ಗ್ರೆಟ್ ಬಾಲ್ಟೆಸ್ ಅಂತ ಒಬ್ರು ವೃದ್ಧಾಶ್ರಮಗಳಲ್ಲಿ ಯಾರು ಯಾವಾಗ ಎಂತ ಮಾಡ್ತಾರೆ ಅಂತ ನೋಡಿ ನೋಡಿ ಬರೆದಿಟ್ಟವ್ರು. ಅವ್ರು ಕಂಡದ್ದು ಎಂತ ಅಂದ್ರೆ ಹಿರಿಯರು ಸ್ವಂತ ಊಟ ಮಾಡುವಾಗ, ಸ್ವಂತ ಬಟ್ಟೆ ಹಾಕುವಾಗ ಸಿಬ್ಬಂದಿ ತಿರುಗಿಯೂ ನೋಡುವುದಿಲ್ಲ, ನಂಗೆ ಆಗುವುದಿಲ್ಲ ಅಂದ ಕೂಡ್ಲೆ ಓಡಿ ಬರ್ತಾರೆ, ಕೈ ಹಿಡೀತಾರೆ, ಮಾತಾಡಿಸ್ತಾರೆ. ಮತ್ತೆ ಯಾರು ಆಗ್ತದೆ ಅಂತ ಹೇಳ್ತಾರೆ ಹೇಳಿ? ಮಾತಾಡ್ಲಿಕ್ಕೆ ಜನ ಬೇಕಲ್ಲ ಅವ್ರಿಗೆ.

ಜಯನಗರ_ಸೊಸೆ
ಅಯ್ಯೋ ನೈಟಿ ವಿಷ್ಯ ಓದಿ ಹೊಟ್ಟೆ ಚುರ್ ಅಂತು. ನಾವು ಪ್ರೀತಿಯಿಂದ ಮಾಡ್ತೀವಿ ಅವ್ರು ಟೈಮ್ ಇಲ್ದೆ ಮಾಡ್ತಾರೆ, ಕೂತಿರೋರಿಗೆ ಎರಡೂ ಒಂದೇ ಅಲ್ವಾ.

ಲೆಕ್ಕದ_ಮೇಷ್ಟ್ರು
ಇದ್ರ ಬಗ್ಗೆ ತುಂಬಾ ಹೆಸ್ರಾದ ಒಂದು ಸ್ಟಡಿ ಇದೆ, ವಾಟ್ಸಾಪಲ್ಲಿ ಅರ್ಧಂಬರ್ಧ ಓಡಾಡುತ್ತೆ, ಪೂರ್ತಿ ಹೇಳ್ಬಿಡ್ತೀನಿ ಕಣ್ರೀ. 1976ರಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನೋ ಇಬ್ರು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಆರ್ಡನ್ ಹೌಸ್ ಅನ್ನೋ ನರ್ಸಿಂಗ್ ಹೋಮಲ್ಲಿ ಮಾಡಿದ್ದು. ಎರಡು ಮಹಡಿ ತಗೊಂಡ್ರು. ಒಂದು ಮಹಡಿಯವ್ರಿಗೆ ಅಲ್ಲಿನ ಮ್ಯಾನೇಜರ್ ಹೇಳಿದ್ದು, ನಿಮ್ಮ ರೂಮಿನ ಸಾಮಾನು ಹೇಗಿಡ್ಬೇಕು ನೀವೇ ನೋಡ್ಕೊಳ್ಳಿ, ಏನಾದ್ರೂ ಸರಿ ಇಲ್ಲ ಅಂದ್ರೆ ಹೇಳೋದು ನಿಮ್ಮ ಜವಾಬ್ದಾರಿ, ತಗೊಳ್ಳಿ ಒಂದು ಗಿಡ, ಬೇಕಾದ್ದು ಆರಿಸ್ಕೊಳ್ಳಿ ನೀರು ನೀವೇ ಹಾಕಿ, ಮುಂದಿನ ವಾರ ಸಿನಿಮಾ ಇದೆ ಗುರುವಾರವೋ ಶುಕ್ರವಾರವೋ ನೀವೇ ಹೇಳಿ. ಇನ್ನೊಂದು ಮಹಡಿಯವ್ರಿಗೂ ಗಿಡ ಕೊಟ್ರು, ಸಿನಿಮಾನೂ ಹಾಕಿದ್ರು, ಆದ್ರೆ ಗಿಡ ಕೈಗೆ ಕೊಟ್ಟು ನೀರು ನರ್ಸ್ ಹಾಕ್ತಾರೆ ಅಂದ್ರು, ಸಿನಿಮಾ ಯಾವತ್ತು ಅಂತ ಅವ್ರೇ ಹೇಳಿದ್ರು. ಮೂರು ವಾರ ಆದ್ಮೇಲೆ ಯಾರು ಯಾವ ಗುಂಪು ಅಂತ ಗೊತ್ತಿಲ್ದಿರೋ ನರ್ಸ್‌ಗಳ ಹತ್ರ ಮಾರ್ಕ್ಸ್ ಹಾಕಿಸಿದ್ರು. ಮೊದಲ್ನೇ ಗುಂಪಲ್ಲಿ ಹೆಚ್ಚೂಕಮ್ಮಿ ಎಲ್ರೂ, 93 ಪರ್ಸೆಂಟ್, ಸುಧಾರಿಸಿದ್ರು. ಇನ್ನೊಂದ್ರಲ್ಲಿ 71 ಪರ್ಸೆಂಟ್ ಜನ ಮೊದಲಿಗಿಂತ ಸೊರಗಿದ್ರು. ಹದಿನೆಂಟು ತಿಂಗಳಾದ್ಮೇಲೆ ಹೋಗಿ ನೋಡಿದ್ರೆ ಮೊದಲ್ನೇ ಗುಂಪಲ್ಲಿ ತೀರ್ಕೊಂಡಿದ್ದು 15 ಪರ್ಸೆಂಟ್, ಇನ್ನೊಂದ್ರಲ್ಲಿ 30.

ವಾಟ್ಸಾಪ್ ಇಲ್ಲಿಗೆ ನಿಂತ್ಬಿಡುತ್ತೆ. ಗಿಡಕ್ಕೆ ನೀರು ಹಾಕಿದ್ರೆ ಸಾವು ಅರ್ಧ ಆಗುತ್ತೆ ಅಂತ. ಹಂಗಲ್ಲ ಸ್ವಾಮಿ. ಎರಡೂ ಗುಂಪು ಸೇರಿ ಇದ್ದಿದ್ದೇ 91 ಜನ. ಆಮೇಲೆ 1978ರಲ್ಲಿ ಅವ್ರೇ ಲೆಕ್ಕದಲ್ಲಿ ತಿದ್ದುಪಡಿ ಹಾಕಿದ್ರು, ಆ ಸಾವಿನ ವ್ಯತ್ಯಾಸ ಮೊದಲು ಹೇಳಿದಷ್ಟು ಗಟ್ಟಿ ಅಲ್ಲ ಅಂತ. ನರ್ಸ್‌ಗಳು ಕಂಡ ಸುಧಾರಣೇನ ನಾನು ಒಪ್ಕೋತೀನಿ, ಸಾವಿನ ನಂಬರ್ ಮೇಲೆ ಮನೆ ಕಟ್ಟಲ್ಲ.

ಜರ್ಸಿ_ಕನ್ನಡಿಗ
ನ್ಯೂಜೆರ್ಸಿಯಿಂದ ಬರೀತಿದೀನಿ. ಅಪ್ಪ ಅಮ್ಮ ಮೈಸೂರಲ್ಲಿ ಇಬ್ರೇ. ಇಲ್ಲಿಂದ ನಾನು ಏನ್ ಕಿತ್ಕೊಳ್ಳೋದು, ಏನ್ ಕೊಡೋದು? ಕ್ಯಾಮೆರಾ ಹಾಕ್ಸಿದೀನಿ ಹಾಲಲ್ಲಿ, ಗೇಟಲ್ಲಿ. ದಿನಸಿ ಆಪಲ್ಲಿ ಆರ್ಡರ್ ಮಾಡ್ತೀನಿ. ಟೈಮ್ ಸಿಕ್ಕಾಗೆಲ್ಲ ಫೋನ್ ಮಾಡ್ತೀನಿ. ಆದ್ರೂ ಅಮ್ಮ "ನೀನು ಯಾವಾಗ ಮಾಡ್ತೀಯೋ ಅಂತ ಫೋನ್ ಪಕ್ಕದಲ್ಲೇ ಕೂತಿರ್ತೀವಿ ಕಣೋ" ಅಂತಾರೆ. ಖುಷಿಗೆ ಹೇಳ್ತಾರೆ ಅನ್ಕೊಂಡಿದೀನಿ.

ಲೆಕ್ಕದ_ಮೇಷ್ಟ್ರು
ಖುಷಿಗೆ ಹೇಳ್ತಿಲ್ಲ ಗುರೂ :) ನಿಮ್ಗೆ ಸರಿಯಾಗಿ ಹೊಂದೋ ಇನ್ನೊಂದು ಸ್ಟಡಿ ಇದೆ. ಅದೇ 1976, ರಿಚರ್ಡ್ ಶುಲ್ಜ್. ಹಿರಿಯರ ಹೋಮ್ ಒಂದಕ್ಕೆ ಕಾಲೇಜು ಹುಡುಗ್ರನ್ನ ಮಾತಾಡ್ಸೋಕೆ ಕಳ್ಸಿದ್ರು. ಒಂದು ಗುಂಪಿಗೆ ಯಾವಾಗ ಬರ್ಬೇಕು ಎಷ್ಟೊತ್ತು ಕೂರ್ಬೇಕು ಅಂತ ಹಿರಿಯರೇ ಹೇಳೋದು. ಇನ್ನೊಂದು ಗುಂಪಿಗೆ ಆಯ್ಕೆ ಇಲ್ಲ, ಆದ್ರೆ ಇಂಥಾ ಹೊತ್ತಿಗೆ ಬರ್ತಾರೆ ಅಂತ ಮೊದ್ಲೇ ಗೊತ್ತು. ಮೂರನೇದಕ್ಕೆ ಹುಡುಗ್ರು ಬಂದಾಗ ಬಂದ್ರು. ನಾಲ್ಕನೇದಕ್ಕೆ ಯಾರೂ ಬರ್ಲಿಲ್ಲ. ಮೊದಲೆರಡು ಗುಂಪು ಹೆಚ್ಚುಕಮ್ಮಿ ಒಂದೇ ಥರ ಚೆನ್ನಾಗಾದ್ರು. ಹೇಳ್ದೆ ಕೇಳ್ದೆ ಬಂದಿದ್ದು ಯಾರೂ ಬರ್ದೇ ಇದ್ದಿದ್ದಕ್ಕಿಂತ ದೊಡ್ಡ ಉಪಕಾರ ಏನೂ ಮಾಡ್ಲಿಲ್ಲ.

ಹಂಗಾಗಿ ನೀವು ವಾರಕ್ಕೆ ಹತ್ತು ಸಲ ಯಾವಾಗೆಂದ್ರೆ ಆವಾಗ ಮಾಡೋದಕ್ಕಿಂತ ಎರಡು ಸಲ ಫಿಕ್ಸ್ ಟೈಮಿಗೆ ಮಾಡಿ, ಟೈಮು ಅವ್ರೇ ಹೇಳ್ಲಿ. ಆದ್ರೆ ಒಂದು ಎಚ್ಚರಿಕೆ. ಶುಲ್ಜ್ ಅವ್ರು ಬಾರ್ಬರಾ ಹನುಸಾ ಜೊತೆ ಸೇರಿ ಆಮೇಲೂ ಅವ್ರನ್ನ ಫಾಲೋ ಮಾಡಿದ್ರು, 1978ರಲ್ಲಿ ಬರೆದ್ರು. ಸ್ಟಡಿ ಮುಗೀತು, ಹುಡುಗ್ರು ಬರೋದು ನಿಂತೋಯ್ತು. ಆಮೇಲೆ ಯಾರು ಚೆನ್ನಾಗಾಗಿದ್ರೋ ಅವ್ರೇ ಉಳಿದವ್ರಿಗಿಂತ ಜಾಸ್ತಿ ಕುಸಿದ್ರು. ಮೊದಲ್ನೇ ಸ್ಟಡೀಲಿ ಗಿಡ ಉಳೀತು, ಇದ್ರಲ್ಲಿ ಹುಡುಗ್ರು ಹೋದ್ರು, ವ್ಯತ್ಯಾಸ ಅಷ್ಟೇ. ಉತ್ಸಾಹದಲ್ಲಿ ಎರಡು ತಿಂಗಳು ಭಾನುವಾರ ಭಾನುವಾರ ಮಾಡಿ ಆಮೇಲೆ ಬಿಟ್ಬಿಡೋದಾದ್ರೆ ಶುರುನೇ ಮಾಡ್ಬೇಡಿ ಅಂತೀನಿ ನಾನು.

ಜರ್ಸಿ_ಕನ್ನಡಿಗ
ಇದು ನಾಟ್ತು. ಕ್ಯಾಮೆರಾ?

ಕರಾವಳಿ_ನರ್ಸ್
ಕ್ಯಾಮೆರಾ ಗೇಟಿಗಿರ್ಲಿ. ಹಾಲಿಂದು ಆನ್ ಆಫ್ ಮಾಡುವ ಸ್ವಿಚ್ಚು ಅವ್ರ ಕೈಗೆ ಕೊಡಿ. ನಿಮ್ಮ ಅಮ್ಮ ಮಧ್ಯಾಹ್ನ ಸೆರಗು ಹಾಸಿ ನೆಲದಲ್ಲಿ ಮಲಗುವವ್ರಾದ್ರೆ ಈಗ ಮಲಗ್ತಾ ಇಲ್ಲ, ಬೆಟ್ಟು ಕಟ್ತೇನೆ.

ತುಮಕೂರು_ಮಗಳು
ಎಲ್ಲಾ ಚೆನ್ನಾಗಿ ಹೇಳ್ತಿದೀರ ಆದ್ರೆ ಸ್ವಲ್ಪ ನೆಲದ ಮೇಲೆ ಬರೋಣ್ವಾ. ನಮ್ಮಪ್ಪಂಗೆ 79, ಒಂದು ಕಣ್ಣು ಪೊರೆ ಆಪರೇಷನ್ ಆಗಿದೆ ಇನ್ನೊಂದಕ್ಕೆ ಒಪ್ತಿಲ್ಲ, ಸ್ಕೂಟರ್ ಕೀ ಕೊಡು ಅಂತ ದಿನಾ ಜಗಳ. ಹೈವೇ ದಾಟ್ಬೇಕು ರೀ ಮಾರ್ಕೆಟ್ಟಿಗೆ. ಬಿದ್ದು ಸೊಂಟದ ಮೂಳೆ ಮುರೀತು ಅಂದ್ರೆ ಆಮೇಲೆ ಸ್ವಾತಂತ್ರ್ಯನೂ ಇಲ್ಲ ಏನೂ ಇಲ್ಲ, ಹಾಸಿಗೆ ಅಷ್ಟೇ. ಪಕ್ಕದ ಮನೆ ಅಂಕಲ್‌ಗೆ ಡಿಜಿಟಲ್ ಅರೆಸ್ಟ್ ಅಂತ ನಕಲಿ ಪೊಲೀಸ್ರ ವಿಡಿಯೋ ಕಾಲ್ ಬಂದು ಎಫ್‌ಡಿ ಮುರ್ಸಿ ಹಾಕಿದಾರೆ, ಅವ್ರೂ ನೀವು ಹೇಳೋ ಥರಾನೇ ಎಲ್ಲಾ ತಮ್ಮ ಕಂಟ್ರೋಲಲ್ಲಿ ಇಟ್ಕೊಂಡಿದ್ದೋರು. ಸ್ಟಡಿ ಮಾಡ್ದೋರು ಬಂದು ಆಸ್ಪತ್ರೇಲಿ ನೋಡ್ಕೋತಾರಾ? ನೋಡ್ಕೊಳ್ಳೋಳು ನಾನು.

ಧಾರವಾಡ_ಮಾಸ್ತರ
ತಂಗಿ, ನಿನ್ನ ಸಿಟ್ಟು ಖರೇ ಅದ. ನಾ 76ರಾಂವ, ನಿಮ್ಮಪ್ಪನ ಕಡೆಯಿಂದ ಒಂದ ಮಾತ ಹೇಳ್ತೇನಿ ಕೇಳ. ನಾನೂ ಗಾಡಿ ಬಿಟ್ಟೇನಿ. ಆದರ ಯಾರೂ ಬಿಡಸಲಿಲ್ಲ. ಮೊದಲ ರಾತ್ರಿ ಹೊಡಿಯೂದು ಬಿಟ್ಟೆ, ಎದುರಿನ ಲೈಟ ಕಣ್ಣಿಗೆ ಹೊಡಿತಿತ್ತು. ಆಮ್ಯಾಲ ಹುಬ್ಬಳ್ಳಿಗೆ ಹೋಗೂದು ಬಿಟ್ಟೆ. ಆಮ್ಯಾಲ ಓಣ್ಯಾಗ ಅಷ್ಟ. ಒಂದಿನ ನಾನ ಮಗನ್ನ ಕರದು ಮಾರಿಬಿಡು ಅಂದೆ. ಅವ ಗಾಬರಿ ಆದ. ಕೀಲಿ ಕಸಗೊಂಡಿದ್ರ ಇವತ್ತಿಗೂ ನಾ ಅವನ ಜೋಡಿ ಜಗಳಾ ಮಾಡ್ತಿದ್ದೆ, ಅದಂತೂ ನಕ್ಕಿ.

ಪಿಯಾನೋ ಬಾರಸೂ ಆರ್ಥರ್ ರೂಬಿನ್‌ಸ್ಟೈನ್ ಎಂಬತ್ತರ ಮುಂದನೂ ಕಚೇರಿ ಮಾಡ್ತಿದ್ದ. ಹೆಂಗ ಅಂತ ಕೇಳಿದ್ರ ಅವ ಹೇಳಿದ್ದು ಇಷ್ಟ, ಕೃತಿ ಕಡಿಮಿ ಮಾಡೇನಿ, ಇದ್ದವನ್ನ ಜಾಸ್ತಿ ರಿಯಾಜ ಮಾಡ್ತೇನಿ, ಜೋರ ಬಾರಸೂ ಜಾಗಾ ಬರೂಕಿಂತ ಮೊದಲ ಸ್ವಲ್ಪ ನಿಧಾನ ಬಾರಸ್ತೇನಿ, ಆಗ ಮುಂದಿಂದು ಜೋರ ಕೇಳಸ್ತದ. ನರ್ಸ್ ಬಾಯಾರು ಹೇಳಿದ ಬಾಲ್ಟೆಸ್ ಅವರ ಗಂಡ ಪೌಲ್ ಬಾಲ್ಟೆಸ್ ಇದನ್ನ ಭಾಳ ಕಡೆ ಉದಾಹರಣೆ ಕೊಟ್ಟಾರ. ಕಡಿಮಿ ಮಾಡೂದು ಎಲ್ಲಾರಿಗೂ ಬರೂದ. ಯಾವುದನ್ನ ಯಾವಾಗ ಕಡಿಮಿ ಮಾಡೂದು ಅನ್ನೂದು ಅವನ ಕೈಯಾಗ ಇತ್ತು. ನಿಮ್ಮಪ್ಪಗ ಕೇಳ, ಹೈವೇ ಬ್ಯಾಡ, ಓಣ್ಯಾಗ ಎಲ್ಲಿ ತನಕ ಹೋಗ್ತಿ ನೀನ ಹೇಳು ಅಂತ. ಆ ಇನ್ನೊಂದು ಕಣ್ಣಿನ ಆಪರೇಷನ್ನಿಗೂ ಇದರಾಗ ದಾರಿ ಐತಿ, ಪೊರೆ ತಗಸಿದ್ರ ಗಾಡಿ ಮಾತ ಮತ್ತ ಮಾತಾಡೂಣು ಅಂತ ಹೇಳಿ ನೋಡು.

ತುಮಕೂರು_ಮಗಳು
ಸರ್ ಆ ಕೊನೇ ಐಡಿಯಾ ಸಖತ್ತಾಗಿದೆ :) ಟ್ರೈ ಮಾಡ್ತೀನಿ. ದುಡ್ಡಿನ ವಿಷ್ಯ?

ಟೆಕ್ಕಿ_ತಿಪಟೂರು
ದುಡ್ಡಿಗೆ ನಾವು ಮಾಡಿರೋದು, ಎರಡು ಅಕೌಂಟ್. ದೊಡ್ಡ ದುಡ್ಡು ಒಂದ್ರಲ್ಲಿ, ಅದಕ್ಕೆ ಫೋನ್‌ಪೇ ಗೂಗಲ್‌ಪೇ ಯಾವ್ದೂ ಲಿಂಕ್ ಇಲ್ಲ, ತೆಗೀಬೇಕು ಅಂದ್ರೆ ಬ್ಯಾಂಕಿಗೇ ಹೋಗ್ಬೇಕು. ಇನ್ನೊಂದ್ರಲ್ಲಿ ತಿಂಗ್ಳ ಖರ್ಚಿಗೆ. ಅದ್ರಲ್ಲಿ ಅಪ್ಪ ಏನ್ ಮಾಡಿದ್ರೂ ನಾನು ಕೇಳಲ್ಲ. ಮೊನ್ನೆ ಯಾವ್ದೋ ಮಂಡಿ ನೋವಿನ ಎಣ್ಣೆ ಮೂರು ಬಾಟ್ಲಿ ತರಿಸಿದಾರೆ, ಬರೀ ಸಾಸಿವೆ ಎಣ್ಣೆ ವಾಸನೆ, ಬಾಯಿ ಮುಚ್ಕೊಂಡು ಸುಮ್ನಿದ್ದೆ. ನನ್ನ ದುಡ್ಡಲ್ಲಿ ನಾನು ತರಿಸೋ ಗ್ಯಾಜೆಟ್ಟು ಇದಕ್ಕಿಂತ ಏನ್ ಮಹಾ.

ಮಂಡ್ಯದ_ಸಾವಿತ್ರಮ್ಮ
ನಾನು ಮೊಮ್ಮಗಳ ಫೋನಿಂದ ಮಾತಾಡಿ ಟೈಪ್ ಮಾಡ್ತಾ ಇವ್ನಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ ನಂಗೆ 68 ನೀವೆಲ್ಲ ನಮ್ಮ ಬಗ್ಗೆನೇ ಮಾತಾಡ್ತಾ ಇದೀರಿ ನಮ್ಮುನ್ನ ಯಾರೂ ಕೇಳ್ನಿಲ್ಲ ಅದ್ಕೆ ಬರೀತಾ ಇವ್ನಿ ನಂಗೆ ಜೀವ ಬಂದಂಗಾಗಿದ್ದು ಯಾವಾಗ ಅಂದ್ರೆ 2023ರಲ್ಲಿ ಆ ಶಕ್ತಿ ಬಸ್ಸು ಫ್ರೀ ಮಾಡಿದ್ರಲ್ಲ ಆವಾಗ ಅದಕ್ಕೆ ಮುಂಚೆ ತಂಗಿ ಮನೆಗೆ ಹೋಗ್ಬೇಕು ಅಂದ್ರೆ ಮಗನ ಹತ್ರ ಬಸ್ ಚಾರ್ಜ್ ಕೇಳ್ಬೇಕು ಕೊಡಾಕಿಲ್ಲ ಅಂತಲ್ಲ ಕೊಡ್ತಾನೆ ಆದ್ರೆ ಯಾಕವ್ವ ಹೋದ್ವಾರ ತಾನೆ ಹೋಗಿದ್ದೆ ಅಂತಾನೆ ಆ ಒಂದು ಮಾತಿಗೆ ನಾನು ಹೋಗೋದೇ ಬುಟ್ಟಿದ್ದೆ ಈಗ ಆಧಾರ್ ಕಾರ್ಡು ಕೈಚೀಲದಲ್ಲಿ ಹಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ್ಕೋತೀನಿ ಕಂಡಕ್ಟ್ರು ಸೊನ್ನೆ ಚೀಟಿ ಹರೀತಾನೆ ಕೆಂಪು ಬಸ್ಸಿಗೆ ಮಾತ್ರ ಎಸಿ ಬಸ್ಸಿಗೆ ಇಲ್ಲ ನಂಗ್ಯಾಕೆ ಎಸಿ ಜನ ಇದಕ್ಕೆ ಏನೇನೋ ಬೈತಾರೆ ಬೈಕೊಳ್ಳಿ

ಇನ್ನೊಂದು ಮಾತು ಎಲ್ಲಾನೂ ನಾವೇ ತೀರ್ಮಾನ ಮಾಡ್ಬೇಕು ಅಂತ ನಮ್ಗೇನೂ ಆಸೆ ಇಲ್ಲ ಡಾಕ್ಟ್ರು ಆ ಮಾತ್ರೆ ಬೇಕಾ ಈ ಮಾತ್ರೆ ಬೇಕಾ ಅಂತ ಕೇಳಿದ್ರೆ ನಂಗೇನ್ ಗೊತ್ತು ಅದನ್ನ ನನ್ನ ಮಗಳು ನೋಡ್ಕೋತಾಳೆ ನೀನೇ ನೋಡ್ಕೋ ಅಂತ ನಾನೇ ಹೇಳಿವ್ನಿ ನಾನು ಕೊಟ್ಟಿದ್ದು ಅದು ಅವಳು ಕಿತ್ಕೊಂಡಿದ್ದಲ್ಲ

ಜಯನಗರ_ಸೊಸೆ
ಸಾವಿತ್ರಮ್ಮೋರೆ ನಿಮ್ಮ ಮೆಸೇಜು ಎರಡು ಸಲ ಓದಿದೆ. ನಮ್ಮತ್ತೆಗೂ ಓದಿ ಹೇಳ್ದೆ. ನಕ್ಕು "ಎಷ್ಟು ಗಟ್ಟಿಗಿತ್ತಿ" ಅಂದ್ರು. ಆಮೇಲೆ ಸಂಜೆ ಇವ್ರ ಹತ್ರ ಪಾಸ್‌ಬುಕ್ ಎಲ್ಲಿಟ್ಟಿದೀಯಾ ಎಂಟ್ರಿ ಹಾಕಿಸ್ಬೇಕು ಅಂತ ಕೇಳಿದಾರೆ. ಇವ್ರು ಆಪಲ್ಲಿ ಎಲ್ಲಾ ಕಾಣುತ್ತಮ್ಮ ಅಂದ್ರಂತೆ. "ನಿಂಗೆ ಕಾಣುತ್ತೆ" ಅಂದ್ರಂತೆ ಅತ್ತೆ. ಯಜಮಾನ್ರು ಸ್ವಲ್ಪ ಮುನಿಸ್ಕೊಂಡಿದಾರೆ, ನಾನು ಏನೋ ತಲೆಗೆ ತುಂಬಿದೀನಿ ಅಂತ. ಇರ್ಲಿ ಬಿಡಿ.

ಟೆಕ್ಕಿ_ತಿಪಟೂರು
ಹ್ಹಹ್ಹ "ನಿಂಗೆ ಕಾಣುತ್ತೆ". ಅಜ್ಜಿ ರಾಕ್ಸ್.

ಡಾಕ್ಟರಮ್ಮ_ಹುಬ್ಬಳ್ಳಿ
ಸಾವಿತ್ರಮ್ಮನವರು ಡಾಕ್ಟ್ರ ಮಾತು ತೆಗೆದಿದ್ದಕ್ಕೆ ಒಂದು ಸೇರಿಸ್ತೀನಿ. ಎಲ್ರೂ ಗಿಡ ಸೀರೆ ದುಡ್ಡು ಅಂತಿದೀರ, ಕೊನೇ ದಿನಗಳ ಚಿಕಿತ್ಸೆ ವಿಷ್ಯದಲ್ಲೇ ಹಿರಿಯರ ಮಾತು ಎಲ್ಲಕ್ಕಿಂತ ಕಮ್ಮಿ ನಡೆಯೋದು. ಐಸಿಯು ಹೊರಗಡೆ ನಾಲ್ಕು ಮಕ್ಕಳು ನಿಂತು ವೆಂಟಿಲೇಟರ್ ಹಾಕ್ಬೇಕೋ ಬೇಡ್ವೋ ಅಂತ ಜಗಳ ಆಡ್ತಿರ್ತಾರೆ, ಒಳಗಿರೋರಿಗೆ ಏನು ಬೇಕಿತ್ತು ಅಂತ ನಾಲ್ವರಿಗೂ ಗೊತ್ತಿರಲ್ಲ, ಯಾಕಂದ್ರೆ ಯಾರೂ ಕೇಳಿರಲ್ಲ. ಅಪಶಕುನ ಅಂತಾರೆ. ಸುಪ್ರೀಂ ಕೋರ್ಟು 2018ರಲ್ಲೇ ಲಿವಿಂಗ್ ವಿಲ್, ಅಂದ್ರೆ ಕೊನೇ ಹಂತದಲ್ಲಿ ಯಾವ ಚಿಕಿತ್ಸೆ ಬೇಕು ಯಾವ್ದು ಬೇಡ ಅಂತ ಮೊದ್ಲೇ ಬರೆದಿಡೋ ಪತ್ರ, ಮಾನ್ಯ ಅಂತ ಹೇಳಿದೆ, 2023ರಲ್ಲಿ ಅದನ್ನ ಸರಳ ಮಾಡ್ತು. ಬುದ್ಧಿ ಸ್ವಾಧೀನದಲ್ಲಿ ಇರೋವಾಗ ಬರೆದು, ಇಬ್ರು ಸಾಕ್ಷಿ ಮುಂದೆ ಸೈನ್ ಮಾಡಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಣ ಮಾಡಿಸಿದ್ರೆ ಆಯ್ತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನ ಜಾರಿಗೆ ತರೋಕೆ ಆದೇಶನೂ ಹೊರಡಿಸಿದೆ. ಮನಸ್ಸು ಬದಲಾದ್ರೆ ಬದಲಾಯಿಸ್ಬಹುದು. ನನ್ನ ಪೇಷಂಟ್ಸ್‌ಗೆ ಹೇಳಿದ್ರೆ ಮಕ್ಕಳು ಹೆದರ್ತಾರೆ, ಹಿರಿಯರು ಹೆದರೋದು ಕಮ್ಮಿ.

ಮರೆವಿನ ಕಾಯಿಲೆ ಇರೋರ ಮನೇವ್ರಿಗೆ ಒಂದು ಮಾತು. ಏನ್ ತಿಂತೀರ ಅಂತ ಕೇಳಿದ್ರೆ ಅವ್ರಿಗೆ ಗಾಬರಿ ಆಗುತ್ತೆ. ಎರಡು ತೋರ್ಸಿ, ರೊಟ್ಟಿನೋ ಅನ್ನಾನೋ, ನೀಲಿ ಅಂಗಿನೋ ಬಿಳೀದೋ ಅಂತ. ಬೆರಳು ತೋರಿಸಿದ್ರೂ ಸಾಕು, ತೋರಿಸಿದ್ದನ್ನೇ ಕೊಡಿ. ಕೇಳಿ ಆಮೇಲೆ ನಿಮಗೆ ಬೇಕಾದ್ದು ಕೊಡೋದಾದ್ರೆ ಕೇಳ್ಲೇಬೇಡಿ.

ಹಾಸನದ_ಹೈದ
ಸಿಟಿ ಜನ ಏನೇನೋ ಹೇಳ್ತಿದೀರ, ಹಳ್ಳೀಲಿ ಎಲ್ಲಾ ನಿಂತಿರೋದು ಪಹಣೀಲಿ ಯಾರ ಹೆಸ್ರಿದೆ ಅನ್ನೋದ್ರ ಮೇಲೆ ಕಣ್ರಪ್ಪ. ನಮ್ಮೂರಲ್ಲಿ ಒಬ್ರು ಯಜಮಾನ್ರು, ಎರಡೆಕ್ರೆ ತೋಟ ಬದುಕಿರೋವಾಗ್ಲೇ ಇಬ್ರು ಮಕ್ಕಳಿಗೆ ದಾನಪತ್ರ ಮಾಡ್ಕೊಟ್ರು, ಪ್ರೀತಿಗೆ. ರಿಜಿಸ್ಟರ್ ಆಗೋ ತನಕ ಅಪ್ಪಾಜಿ ಅಪ್ಪಾಜಿ. ಈಗ ತಿಂಗಳು ಇವ್ನ ಮನೆ ತಿಂಗಳು ಅವ್ನ ಮನೆ, 31 ಇರೋ ತಿಂಗಳು ಬಂದ್ರೆ ಆ ಒಂದು ದಿನ ಯಾರ ಮನೆ ಊಟ ಅಂತ ಜಗಳ, ಸುಳ್ಳಲ್ಲ. ಕೊಡೋದಾದ್ರೆ ವಿಲ್ ಬರೀರಿ, ಸತ್ತ ಮೇಲೆ ತಾನೆ ಜಾರಿಗೆ ಬರೋದು, ಇರೋ ತನಕ ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು. ದಾನಪತ್ರ ಆದ ದಿನವೇ ನಿಮ್ಮ ಕೈ ತಪ್ಪುತ್ತೆ.

ಟೆಕ್ಕಿ_ತಿಪಟೂರು
ಅದಕ್ಕೆ ಕಾನೂನು ಇದೆಯಲ್ಲ ಬ್ರೋ, ಹಿರಿಯ ನಾಗರಿಕರ ಕಾಯ್ದೆ?

ಹಾಸನದ_ಹೈದ
ಇದೆ, 2007ರದ್ದು. ಅದ್ರ 23ನೇ ಸೆಕ್ಷನ್ ಪ್ರಕಾರ ನೋಡ್ಕೊಳ್ಳೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಮಕ್ಕಳು ನೋಡ್ಕೊಳ್ಳಿಲ್ಲ ಅಂದ್ರೆ ಆ ಪತ್ರ ರದ್ದು ಮಾಡಿಸ್ಬಹುದು. ಕೊಕ್ಕೆ ಇರೋದು ಷರತ್ತಲ್ಲಿ. ಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಅಂತ ಮಾತ್ರ ಬರೆದು ನೋಡ್ಕೊಳ್ಳೋ ಮಾತೇ ಇಲ್ಲ ಅಂದ್ರೆ ಕಷ್ಟ. 2022ರಲ್ಲಿ ಸುಪ್ರೀಂ ಕೋರ್ಟು ಷರತ್ತು ಇತ್ತು ಅಂತ ತೋರಿಸ್ಲೇಬೇಕು ಅಂತು. 2025ರ ಜನವರಿಯಲ್ಲಿ ಇನ್ನೊಂದು ಕೇಸಲ್ಲಿ ಕಾಯ್ದೇನ ಹಿರಿಯರ ಪರವಾಗಿ ಉದಾರವಾಗಿ ನೋಡ್ಬೇಕು ಅಂತ ಹೇಳಿ ಆಸ್ತಿ ತಾಯಿಗೆ ವಾಪಸ್ ಕೊಡಿಸ್ತು. ಅದನ್ನ ನಂಬ್ಕೊಂಡು ಕೂರೋದಕ್ಕಿಂತ ಬರೆಯೋವಾಗ್ಲೇ ಷರತ್ತು ಸ್ಪಷ್ಟವಾಗಿ ಹಾಕ್ಸೋದು ಒಳ್ಳೇದು, ಬರೆದುಕೊಡೋರು ಅವಸರ ಮಾಡ್ತಾರೆ, ಮಾಡೋಕೆ ಬಿಡ್ಬೇಡಿ.

ತುಮಕೂರು_ಮಗಳು
ಆ ಯಜಮಾನ್ರಿಗೆ ಈಗೇನಾದ್ರೂ ದಾರಿ ಇದ್ಯಾ?

ಹಾಸನದ_ಹೈದ
ಎಸಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್ ಆಫೀಸಲ್ಲಿ ಅರ್ಜಿ ಹಾಕ್ಬೇಕು, ಅವ್ರೇ ಟ್ರಿಬ್ಯೂನಲ್. ಆಸ್ತಿ ವಾಪಸ್ ಬರ್ದಿದ್ರೂ ಜೀವನಾಂಶ ತಿಂಗ್ಳಿಗೆ 10,000 ತನಕ ಹಾಕಿಸ್ಬಹುದು. ಹೋಗಿ ಅಂದ್ರೆ "ಮಕ್ಕಳ ಮೇಲೆ ಕೇಸಾ" ಅಂತಾರೆ. ಅವ್ರಿಗೆ ಕೇಸ್ ಬೇಡ, ನಾನು ಬಲವಂತ ಮಾಡೋಕೂ ಆಗಲ್ಲ.

ಕರಾವಳಿ_ನರ್ಸ್
ಕೇಸ್ ಬೇಡ ಅಂದ್ರೆ ಬೇಡ, ಅವ್ರ ಇಷ್ಟ. ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567ಕ್ಕೆ ಮಾತಾಡ್ಲಿ ಒಮ್ಮೆ, ಟೋಲ್ ಫ್ರೀ, ಬೆಳಿಗ್ಗೆ 8ರಿಂದ ರಾತ್ರಿ 8. ಮಕ್ಕಳ ಜೊತೆ ಮಾತಾಡಿ ರಾಜಿ ಮಾಡಿಸುವ ಕೆಲ್ಸವೂ ಮಾಡ್ತಾರೆ. ನೀವು ಡಯಲ್ ಮಾಡಿ ಕೊಡಿ, ಮಾತು ಅವ್ರೇ ಆಡ್ಲಿ.

ಹಾಸನದ_ಹೈದ
ಸರಿ ಅಕ್ಕ, ನಾಳೆ ಡೈರಿಗೆ ಹಾಲು ಹಾಕೋಕೆ ಬರ್ತಾರಲ್ಲ ಅಲ್ಲೇ ಕೇಳ್ತೀನಿ. ಹಸು ಒಂದು ಇನ್ನೂ ಅವ್ರ ಹೆಸ್ರಲ್ಲೇ ಇದೆ, ಹಾಲಿನ ಬಿಲ್ ಅವ್ರ ಅಕೌಂಟಿಗೇ ಬರೋದು, ಅದನ್ನ ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ.